ಮೂರು ಐವತ್ತರ ಕಾರ್ಕಳ ಬಸ್ಸು

ಜೂನ್ 3, ಬೆಳಿಗ್ಗೆ
ಏಳರೊಳಗೆ ನಾಲ್ಕು ಫೋನ್. ಕಾಪು ಸ್ಟ್ಯಾಂಡಿನ ಟೈಮ್‌ಕೀಪರ್ ಕೆಲಸ ಬಿಟ್ಟು ಆರು ವರ್ಷ, ಜನ ಬಿಡಬೇಕಲ್ಲ! "ಉಮಾನಾಥಣ್ಣ, ಶಿರ್ವಕ್ಕೆ ಬಸ್ ಎಷ್ಟೊತ್ತಿಗೆ?" ಹೆಂಡತಿ ಬೇಬಿ ಇದ್ದಾಗ ಒಲೆಯ ಹತ್ತಿರದಿಂದ ಅರ್ಧ ಉತ್ತರ ಅವಳದೇ. ಅವಳು ಹೋದ ಮೇಲೆ ನನ್ನ ದಿನದ ಮಾತೆಲ್ಲ ಈ ಫೋನುಗಳಲ್ಲೇ. ಸಾಕು. ಖುಷಿ.

ಜೂನ್ 5
ಪಕ್ಕದ ಮನೆಯ ಸಮೀಹಾ, ಮಣಿಪಾಲದಲ್ಲಿ ಕಂಪ್ಯೂಟರ್ ಕಲಿಯುವವಳು, ನನ್ನ ಟೈಮಿಂಗ್ ನೋಟ್‌ಬುಕ್ ಕೇಳಿದಳು. ಆ್ಯಪ್ ಮಾಡುತ್ತಾಳಂತೆ. ಕೊಟ್ಟೆ. ಕೊಟ್ಟ ಮೇಲೆ ಯೋಚನೆ... ಇನ್ನು ನನಗೆ ಫೋನ್ ಮಾಡುವವರು ಯಾರು?

ಜೂನ್ 19
ಆ್ಯಪ್ ಬಂತು. ಹಾಕಿಕೊಂಡವರು ಇಬ್ಬರು — ಅವಳು, ನಾನು. ಚಹಾ ಅಂಗಡಿಯ ಬೀರಾನ್ ಫೋನ್ ತೋರಿಸಿದ: "ಜಾಗ ಎಲ್ಲಿ ಉಂಟು ಮಾರಾಯ್ರೆ? ಮೊಮ್ಮಕ್ಕಳ ವಿಡಿಯೋಗೇ ಸಾಲುದಿಲ್ಲ." ಹುಡುಗಿಯ ಮುಖ ಸಣ್ಣದಾಯಿತು. ನನಗೆ ಒಳಗೊಳಗೆ ಸಮಾಧಾನ. ಛೆ — ಬರೆಯಬಾರದಿತ್ತು.

ಜೂನ್ 27
ಸೋಲುವವಳಲ್ಲ. ವೆಬ್‌ಸೈಟನ್ನೇ ಆ್ಯಪಿನ ಹಾಗೆ ಮಾಡಿದ್ದಾಳೆ. ಲಿಂಕ್ ತೆರೆದು ಹೋಮ್ ಸ್ಕ್ರೀನಿಗೆ ಸೇರಿಸಿದರೆ ಬಸ್ಸಿನ ಚಿತ್ರ ಬಂದು ಕೂರುತ್ತದೆ. ಸ್ಟೋರ್ ಬೇಡ, ಜಾಗವೂ ಅಷ್ಟೇನೂ ಬೇಡ.
"ನೆಟ್ ಇಲ್ಲದಿದ್ದರೆ?"
"ಒಮ್ಮೆ ತೆರೆದದ್ದು ಒಳಗೇ ಇರ್ತದೆ ಅಂಕಲ್."
ಬೀರಾನನ ಫೋನಿನಲ್ಲೂ ಕೂತಿತು. ಕಾಲೇಜಿನ ಇಂಗ್ಲಿಷ್ ನೆನಪಾಯಿತು: ಟೈಮ್ ಆ್ಯಂಡ್ ಟೈಡ್ ವೇಟ್ಸ್ ನೋಬಡಿ... ಹಾಗೇನೋ ಒಂದು, ಕಾಲ ಯಾರಿಗೂ ಕಾಯುವುದಿಲ್ಲ ಅಂತ.

ಜುಲೈ 9
ಒಂದೂ ಫೋನ್ ಇಲ್ಲ. ಬ್ಯಾಟರಿ ನೂರರಲ್ಲೇ ನಿಂತಿದೆ. ಹಾಳಾಗಿದೆಯೋ ಎಂದು ಬೀರಾನನ ಫೋನಿನಿಂದ ನನಗೇ ರಿಂಗ್ ಮಾಡಿ ನೋಡಿದೆ. ಸರಿ ಇದೆ.

ಜುಲೈ 14, ಸಂಜೆ
ಸ್ಟ್ಯಾಂಡಿನಲ್ಲಿ ಆಸಿಯಮ್ಮ. ಕಾರ್ಕಳಕ್ಕೆ, ಮಗಳ ಮನೆಗೆ ಹೊರಟವರು. ಬಸ್ಸು ತಪ್ಪಿದ ಸಿಟ್ಟು. ನಾಲ್ಕು ಹತ್ತರ ಬಸ್ಸು ಮೊನ್ನೆಯಿಂದ ಮೂರು ಐವತ್ತಕ್ಕೇ ಹೊರಡುತ್ತದೆ. ನಾನು ತಿಳಿಸಿದ ದಿನವೇ ಸಮೀಹಾ ಬದಲಿಸಿದ್ದಳು. ಆದರೆ ಆಸಿಯಮ್ಮನ ನೆಟ್ ಪ್ಯಾಕ್ ಮುಗಿದು ವಾರ. ಒಳಗೆ ಕೂತಿದ್ದ ಹಳೇ ಟೈಮೇ ಕಂಡಿದೆ.
"ಈ ಡಬ್ಬಿ ಸುಳ್ಳು ಹೇಳ್ತದಲ್ಲ ಉಮಾನಾಥಣ್ಣ! ನೀವು ಒಂದು ದಿನ ಹೇಳಿದ್ದುಂಟಾ?"
ನಗಬಾರದಿತ್ತು. ನಕ್ಕೆ. ಮುಂದಿನ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟೆ.

ಜುಲೈ 16
ಸಮೀಹಾ ಸರಿ ಮಾಡಿದಳು. ಯಾವ ತಾರೀಕಿನ ಟೈಮಿಂಗ್ ಎಂದು ಈಗ ಮೇಲೆಯೇ ಕಾಣುತ್ತದೆ, ಹಳತಾದರೆ ಕೆಂಪು. ಕೆಳಗೊಂದು ಬಟನ್.
"ಇದೆಂತ?"
"ನೆಟ್ ಇಲ್ಲದವರು ಒತ್ತಿದರೆ ನಿಮಗೆ ಫೋನ್ ಬರ್ತದೆ. ಬೇಡವಾ ಅಂಕಲ್?"
"ಇರಲಿ, ಪಾಪ ಜನ" ಅಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಜುಲೈ 18, ಬೆಳಿಗ್ಗೆ 6.40
ಗಂಜಿ ಒಲೆಯ ಮೇಲಿದೆ. ಆಗಲೇ ಮೂರು ಫೋನ್. ಉಚ್ಚಿಲದ ಒಬ್ಬರು, ಗುರುತು ಪರಿಚಯ ಇಲ್ಲ — ಬಸ್ ಕೇಳಿ, ಚಟ್ನಿಗೆ ಹುಣಸೆಯೋ ಮಾವಿನಕಾಯಿಯೋ ಎಂಬಲ್ಲಿಯವರೆಗೆ ಮಾತು. ಬೇಬಿ ಇದ್ದಿದ್ದರೆ ಒಲೆಯ ಹತ್ತಿರದಿಂದಲೇ... ಓ, ನಾಲ್ಕನೆಯದು —