ಸವೆಯದ ಅಕ್ಷರ

ಅಕ್ಕಾ,

ಅಮ್ಮನ ಒಣಚರ್ಮಕ್ಕೆ ಮೇಕೆ ಹಾಲಿನ ಸೋಪ್ ಬೇಸ್ ಗಟ್ಟಿ ತಂದು, ಕರಗಿಸಿ ಅಚ್ಚಿಗೆ ಹುಯ್ದು ಸೋಪು ಮಾಡು ಎಂದು ನೀನು ಹೇಳಿದ್ದೆ. ನಾನು ಅದನ್ನು ಬಿಟ್ಟು ಗಾಜಿನಂತೆ ಹೊಳೆಯುವ, ನೊರೆ ಜಾಸ್ತಿ ಬರುವ ಬೇಸ್ ಆರಿಸಿದೆ. ಅದಕ್ಕೆ ಘಮ ಬೆರೆಸಿ, 'ಅಮ್ಮ' ಎಂದು ಅಕ್ಷರ ಮೂಡುವ ಅಚ್ಚಿಗೆ ಸುರಿದೆ. "ಹೇಗಿದೆಯಮ್ಮಾ?" ಎಂದು ಕೇಳಿದಾಗಲೆಲ್ಲ, "ಮದುಮಗಳ ಹಾಗೆ ಘಮ್ ಅಂತಿದೀನಿ ಕಣೇ" ಎಂದು ನಗುತ್ತಿದ್ದಳು.

ತಿಂಗಳಾದ ಮೇಲೆ ನಿನ್ನೆ ಬಚ್ಚಲು ತೊಳೆಯುವಾಗ ನೋಡಿದೆ. ಸೋಪಿನ ಮೇಲಿನ ಅಕ್ಷರ ಒಂದಿಷ್ಟೂ ಸವೆದಿಲ್ಲ. ಅಮ್ಮನ ತೋಳು ನೋಡಿದರೆ ಚರ್ಮ ಬಿರಿದು ಕೆಂಪಾಗಿದೆ.

"ಮೊದಲ ದಿನವೇ ಚುರುಚುರು ಅಂತು, ಆಮೇಲೆ ಕೆರೆತ ನಿಲ್ಲಲೇ ಇಲ್ಲ. ಅಷ್ಟು ಆಸೆಯಿಂದ ಮಾಡಿದೀಯ, ಹೇಗೆ ಹೇಳ್ಲಿ? ಬರೀ ನೀರಲ್ಲಿ ಸ್ನಾನ ಮಾಡಿ, ನಿನಗೆ ತಿಳೀಬಾರದು ಅಂತ ಸೋಪನ್ನ ಒದ್ದೆ ಮಾಡಿಡ್ತಿದ್ದೆ" ಎಂದಳು.

ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ನೀನು ಹೇಳಿದ್ದ ಬೇಸ್ ಒಂದು ಕಿಲೋ ಕಳಿಸು. ಬಣ್ಣ, ಘಮ ಏನೂ ಹಾಕುವುದಿಲ್ಲ. ಫೋನಿನಲ್ಲಿ ಅವಳನ್ನು ಬೈಯಬೇಡ; ಬೈಯುವುದಿದ್ದರೆ ನನಗೇ ಬೈ.

ಅಚ್ಚು ಹಳೆಯದೇ ಇರಲಿ. ಈ ಸಲ ಹೇಗಿದೆ ಎಂದು ಅವಳನ್ನು ಕೇಳುವುದಿಲ್ಲ. ಅಕ್ಷರ ಸವೆಯುತ್ತಿದೆಯೇ ಎಂದು ನೋಡುತ್ತೇನೆ.

ನಿನ್ನ ಮಾತು ಕೇಳದ
ತಂಗಿ