ಬಿಳಿ ದೀಪ ಹತ್ತಿದಾಗ

ಭಾನುವಾರ, ಮಧ್ಯಾಹ್ನ

ಅಕ್ಕಾ,

ಚೆನ್ನಾಗಿದ್ದೀಯಾ? ಭಾವನ ಕೆಮ್ಮು ಇಳಿಯಿತೇ? ಫೋನು ಮಾಡುವುದು ಬಿಟ್ಟು ಇವಳಿಗೇನು ಕಾಗದದ ಹುಚ್ಚು ಎಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನೀನು ನಡುವೆ ನಕ್ಕುಬಿಡುತ್ತೀಯ, ನಾನು ಮಾತು ಬದಲಿಸಿಬಿಡುತ್ತೇನೆ.

ಎರಡು ತಿಂಗಳು ನಾನು ಬೆಳಿಗ್ಗೆ ಹೇಳಿಕೊಡುವ ಡ್ರೈವಿಂಗ್ ಪಾಠಗಳನ್ನು ಬಿಟ್ಟು ಊರಾಚೆ ಒಂದು ಪ್ರಯೋಗಕ್ಕೆ ಹೋಗುತ್ತಿದ್ದೆ. ಪಾಳುಬಿದ್ದ ವಿಮಾನ ನಿಲ್ದಾಣದ ಡಾಂಬರಿನ ಮೇಲೆ ನಾಲ್ಕು ರಸ್ತೆ ಕೂಡುವ ಜಾಗವನ್ನು ಬಣ್ಣದಲ್ಲಿ ಬರೆದು, ಸಿಗ್ನಲ್ ಕಂಬ ನಿಲ್ಲಿಸಿದ್ದರು. ಅಲ್ಲಿ ಚಾಲಕರಿಲ್ಲದ ಕಾರುಗಳು ತಾವಾಗಿಯೇ ಓಡುತ್ತವೆ. ಅವುಗಳ ನಡುವೆ ಗಾಡಿ ಓಡಿಸಲು ಕೆಲವು ಮನುಷ್ಯರು ಬೇಕಾಗಿದ್ದರು. ಮನುಷ್ಯಳಾಗಿರುವುದಕ್ಕೇ ಸಂಬಳ ಸಿಗುತ್ತದೆ ಎಂದರೆ ಯಾರು ಬಿಡುತ್ತಾರೆ?

ಇದರ ನಕ್ಷೆ ಮಾಡಿದವರು ಒಬ್ಬ ಇಂಜಿನಿಯರ್, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಕೆಂಪು, ಹಳದಿ, ಹಸಿರಿನ ಜೊತೆಗೆ ಅವರು ಬಿಳಿ ದೀಪವೊಂದನ್ನು ಸೇರಿಸಿದ್ದರು. ಬಂದ ಗಾಡಿಗಳಲ್ಲಿ ಚಾಲಕರಿಲ್ಲದವೇ ಹೆಚ್ಚಿದ್ದರೆ, ಯಾರು ಯಾವಾಗ ದಾಟಬೇಕೆಂದು ಅವೇ ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳುತ್ತವೆ. ಆಗ ಬಿಳಿ ದೀಪ ಹತ್ತುತ್ತದೆ. ನಮ್ಮಂಥವರು ಮುಂದಿನ ಗಾಡಿಯ ಹಿಂದೆ ಸುಮ್ಮನೆ ಹೋದರಾಯಿತು, ಅದು ನಿಂತರೆ ನಿಂತರಾಯಿತು.

ಕೇಳಲು ಸುಲಭ. ನಾನು ಮಾತ್ರ ಪ್ರತಿ ಸಲ ನಿಂತುಬಿಡುತ್ತಿದ್ದೆ. ಅಡ್ಡರಸ್ತೆಯಿಂದ ಗಾಡಿ ಬರುವುದು ಕಂಡರೆ ಸಾಕು, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಹಿಂದಿನ ಕಾರುಗಳೆಲ್ಲ ಸಾಲುಗಟ್ಟಿ ನಿಂತು ಇಡೀ ಏರ್ಪಾಡು ಕೆಡುತ್ತಿತ್ತು. ಹೀಗೇ ಆದರೆ ಪ್ರಯೋಗವನ್ನೇ ನಿಲ್ಲಿಸುತ್ತಾರೆ ಎಂಬ ಗುಸುಗುಸು ಶುರುವಾಯಿತು. ನನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದಾಗ ಇಂಜಿನಿಯರ್ ಬಂದು ಕಿಟಕಿಯ ಬಳಿ ಬಗ್ಗಿದರು.

"ಟೀಚರ್, ನಿಲ್ಲೋಕೆ ಮುಂಚೆ ನೀವು ಎಲ್ಲಿ ನೋಡ್ತೀರಿ?"

"ಮುಂದಿನ ಕಾರೊಳಗೆ. ಯಾರಾದ್ರೂ ಇದ್ದಾರಾ ಅಂತ."

"ಯಾರೂ ಇಲ್ಲ ಅಂತ ಗೊತ್ತಲ್ಲ?"

"ಗೊತ್ತು. ಆದ್ರೂ ನೋಡ್ತೀನಿ."

ಅವರು ನಗಲಿಲ್ಲ ಅಕ್ಕಾ. ಮಾರನೆಯ ದಿನ ಹೋಗಿ ನೋಡಿದರೆ, ಕಂಬದ ತುದಿಯ ಬಿಳಿ ದೀಪದ ಜೊತೆಗೆ ರಸ್ತೆಯ ಬದಿಯಲ್ಲಿ ಇನ್ನೊಂದು ದೀಪ, ಮುಂದಿನ ಕಾರಿನ ಗಾಜಿನ ಎತ್ತರಕ್ಕೆ ಸರಿಯಾಗಿ. "ನೀವು ನೋಡೋ ಕಡೆಗೇ ತಂದಿಟ್ಟಿದ್ದೀನಿ" ಎಂದು ಹೇಳಿ ನನ್ನ ಪಕ್ಕ ಕುಳಿತರು.

ಅದು ನನ್ನ ಪಾಠದ ಕಾರು. ಕಲಿಯುವವರು ತಪ್ಪಿದರೆ ಒತ್ತಲೆಂದು ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ಇಷ್ಟು ವರ್ಷ ಅಲ್ಲಿ ಕುಳಿತು, ಕಾಲಿನ ತುದಿಯಲ್ಲಿ ಜೀವ ಹಿಡಿದುಕೊಂಡಿದ್ದವಳು ನಾನೇ. ಬಿಳಿ ದೀಪ ಹತ್ತಿತು. ಎಡದಿಂದ ಖಾಲಿ ಕಾರೊಂದು ನುಗ್ಗಿ ಬರುತ್ತಿತ್ತು. ಓರೆಗಣ್ಣಿನಲ್ಲಿ ನೋಡಿದೆ. ಅವರು ಎರಡೂ ಕಾಲನ್ನು ಆ ಬ್ರೇಕಿನಿಂದ ದೂರ, ಸೀಟಿನ ಬುಡಕ್ಕೆ ಎಳೆದುಕೊಂಡರು.

"ಹೋಗಿ. ನಾನೇನೂ ಮುಟ್ಟಲ್ಲ."

ಹೋದೆ. ಒಂದು ಕಾರು ಮುಂದಿನಿಂದ, ಇನ್ನೊಂದು ಬೆನ್ನ ಹಿಂದಿನಿಂದ ನೀರು ಹರಿದ ಹಾಗೆ ಸರಿದುಹೋದವು. ಆಚೆ ಬದಿಗೆ ಬಂದು ನಿಂತಾಗ ನನಗೆ ಅಳು ಬಂತು. ಮದುವೆ ಮುರಿದ ಮೇಲೆ ಯಾರೂ ನನ್ನ ಪಕ್ಕ ಹೀಗೆ ನೆಮ್ಮದಿಯಾಗಿ ಕುಳಿತಿರಲಿಲ್ಲ. ಮುರಿಯುವ ಮೊದಲೂ ಇಲ್ಲ, ಅದು ನಿನಗೇ ಗೊತ್ತು.

ಆಮೇಲೆ ನಾನು ಒಮ್ಮೆಯೂ ನಿಲ್ಲಲಿಲ್ಲ. ಅಗತ್ಯವಿಲ್ಲದಿದ್ದರೂ ಅವರು ದಿನಾ ನನ್ನ ಕಾರಿನಲ್ಲಿ ಒಂದು ಸುತ್ತು ಬರುತ್ತಿದ್ದರು. ಏನಾದರೊಂದು ನೆಪ: ಗೆರೆ ಸರಿಯಾಗಿ ಕಾಣುತ್ತದೆಯೇ, ಬಿಸಿಲಿನಲ್ಲಿ ದೀಪ ಮಂಕಾಗುತ್ತದೆಯೇ.

ಕೊನೆಯ ದಿನ, ಇನ್ನು ಬೇರೆ ಊರಿನಲ್ಲಿ, ನಿಜವಾದ ರಸ್ತೆಯಲ್ಲೇ ಇದನ್ನು ಕಟ್ಟುತ್ತೇವೆ ಎಂದರು. "ಓಡಿಸೋಕೆ ಜನ ಬೇಕಾಗ್ತಾರೆ. ನೀವು ಬರ್ತೀರಾ?"

ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ನನ್ನ ಹತ್ರ ಕಲಿಯೋ ಹುಡುಗೀರಿಗೆ ಲೈಸೆನ್ಸ್ ಪರೀಕ್ಷೆ ಇದೆ."

"ಹೌದಲ್ಲ" ಎಂದು ಅವರು ಅಳತೆ ಟೇಪು ಸುತ್ತತೊಡಗಿದರು. ಇನ್ನೊಂದು ಸಲ ಕೇಳಲಿ ಎಂದು ನಾನು ಕಾರಿನ ಕೀ ಹುಡುಕುವವಳ ಹಾಗೆ ನಿಂತೇ ಇದ್ದೆ. ಕೀ ಕೈಯಲ್ಲೇ ಇತ್ತು. ಅವರೂ ಸುತ್ತಿದ್ದ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದರು. ಅಷ್ಟರಲ್ಲಿ ಯಾರೋ ಅವರನ್ನು ಕೂಗಿದರು.

ಹುಡುಗಿಯರೆಲ್ಲ ಪಾಸಾದರು. ನಿನ್ನೆ ಕಾರು ತೊಳೆಯುವಾಗ ನೋಡಿದೆ, ಪಕ್ಕದ ಸೀಟಿನ ಬುಡದ ಮ್ಯಾಟಿನ ಮೇಲೆ ರಸ್ತೆಯ ಬಿಳಿ ಬಣ್ಣ, ಬೂಟಿನ ಅಚ್ಚು. ಉಜ್ಜಲು ಮನಸ್ಸಾಗಲಿಲ್ಲ. ಕಲಿಯಲು ಬಂದವರಿಗೆ ಅಲ್ಲಿ ಚೀಲ ಇಡಬೇಡಿ ಎನ್ನುತ್ತೇನೆ.

ಭಾವನಿಗೆ ಇದನ್ನು ಓದಿ ಹೇಳಬೇಡ. ಬೇಗ ಬರೆ.

ನಿನ್ನ ಪ್ರೀತಿಯ
ತಂಗಿ

ಮರೆತಿದ್ದೆ: ಅವರಿಗೆ ಮನೆಯಲ್ಲಿ ಯಾರಿದ್ದಾರೆ ಎಂದೇ ನೀನು ಮೊದಲು ಕೇಳುತ್ತೀಯ. ನನಗೆ ಗೊತ್ತಿಲ್ಲ ಅಕ್ಕಾ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ದೀಪದ ವಿಷಯ ಕೇಳಿದೆ. ಮನೆಯ ವಿಷಯ ಕೇಳಿದ್ದರೆ ಉತ್ತರ ಬಂದುಬಿಡುತ್ತಿತ್ತಲ್ಲ.