‘ಮುದ’ ಎಂದರೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ಅಕ್ಕನ ಕಾಲು ಹೇಗಿದೆ? ಕೋಲಿಲ್ಲದೆ ನಡೆಯುತ್ತಾರೆ ಎಂದು ನೀನು ಬರೆದಿದ್ದೆ, ಸಂತೋಷ. ನಿನ್ನ ಸೊಂಟನೋವಿನ ವಿಷಯ ಮಾತ್ರ ಒಂದಕ್ಷರ ಬರೆದಿಲ್ಲ. ಊರಿನವರ ನೋವನ್ನೆಲ್ಲ ವಿಚಾರಿಸಿ ನಿನ್ನದನ್ನು ನುಂಗಿಕೊಳ್ಳುವುದು ನಿನ್ನ ಹುಟ್ಟುಗುಣ. ಇಲ್ಲಿ ನಾನೂ ನಮ್ಮ ಚಿನಕುರುಳಿಯೂ ಸೌಖ್ಯ. ಅವಳ ಜಡೆ ಹೆಣೆಯುವುದನ್ನು ಕಲಿತಿದ್ದೇನೆ. ಒಂದು ಜಡೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಪಾಪ, ಹಾಗೇ ಶಾಲೆಗೆ ಹೋಗುತ್ತಾಳೆ, ಏನೂ ಅನ್ನುವುದಿಲ್ಲ.

ಒಂದು ಸಂಗತಿ ಹೇಳಬೇಕು. ಈ ಸಲದ ಓದುಪರೀಕ್ಷೆಗೆ ಗೊತ್ತಿಲ್ಲದ ಪದದ ಅರ್ಥ ಊಹಿಸುವ ಪ್ರಶ್ನೆಗಳನ್ನು ಬರೆಯುವ ಕೆಲಸ ನನಗೇ ಬಿದ್ದಿತ್ತು. ಆಫೀಸಿನಲ್ಲಿ ನನ್ನನ್ನು ‘ಸುಳಿವಪ್ಪ’ ಎನ್ನುವುದು ನಿನಗೆ ಗೊತ್ತೇ ಇದೆ. ಪದ ಕಷ್ಟದ್ದಿರಬೇಕು, ಅಕ್ಕಪಕ್ಕದ ವಾಕ್ಯಗಳಲ್ಲಿ ಅದರ ಸುಳಿವಿರಬೇಕು, ಉತ್ತರ ಒಂದೇ ಇರಬೇಕು. ಅಚ್ಚಿಗೆ ಹೋಗುವ ಮುಂಚೆ ನಾಲ್ಕಾರು ಮಕ್ಕಳಿಗೆ ಕೊಟ್ಟು ನೋಡುವುದು ನಮ್ಮ ಪದ್ಧತಿ. ಮೊದಲು ಮನೆಯಲ್ಲೇ ನೋಡೋಣ ಎಂದು ಚಿನಕುರುಳಿಯ ಮುಂದಿಟ್ಟೆ. ನಾನು ಬರೆದದ್ದು ಇಷ್ಟು: ‘ಮೆಟ್ಟಿಲ ಮೇಲೆ ಅಪ್ಪನ ಚಪ್ಪಲಿಯ ಸದ್ದಾಯಿತು. ಮಕ್ಕಳು ಆಟ ಬಿಟ್ಟು ಎದ್ದರು. ಅಮ್ಮ ಒಲೆ ಆರಿಸಿ ಹೊರಗೆ ಬಂದಳು. ಮನೆಯವರಿಗೆಲ್ಲ ಮುದವಾಯಿತು.’ ಮುದ ಎಂದರೆ ಸಂತೋಷವೋ, ಹೆದರಿಕೆಯೋ, ಹಸಿವೋ, ನಿದ್ದೆಯೋ?

ಅವಳು ಹೆದರಿಕೆಗೆ ಗುರುತು ಹಾಕಿದಳು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದಲ್ಲ. “ಹೆದರಿಕೆ ಅಂತೆ ಹೆದರಿಕೆ! ಅಪ್ಪ ಮನೆಗೆ ಬಂದ್ರೆ ಯಾರಾದ್ರೂ ಹೆದರ್ತಾರೇನೇ?” ಎಂದು ಮೇಜು ಗುದ್ದಿದೆ. ಅವಳು ರಬ್ಬರಿನಿಂದ ಉಜ್ಜಿ, ಸಂತೋಷಕ್ಕೆ ಗುರುತು ಹಾಕಿ, “ನೀವು ಹೇಳ್ಕೊಟ್ಟ ಹಾಗೇ ಹಿಂದೆ ಮುಂದೆ ಓದಿದ್ನಪ್ಪಾ. ಆಟ ನಿಲ್ಲಿಸಿಬಿಟ್ರಲ್ಲಾ, ಅದಕ್ಕೆ” ಎಂದಳು. ಆಗಲೂ ನನಗೆ ಹೊಳೆಯಲಿಲ್ಲ. ಹುಡುಗಿಗೆ ಗಮನ ಸಾಲದು ಎಂದುಕೊಂಡು ಮಲಗಿದೆ.

ಮರುದಿನ ಆಫೀಸಿನಲ್ಲಿ ಬೇರೆ ಮಕ್ಕಳಿಗೆ ಕೊಟ್ಟೆವು. ಎಲ್ಲರೂ ಸಂತೋಷ ಎಂದರು. ನಮ್ಮ ಡ್ರೈವರನ ಮಗಳಂತೂ, “ಅಪ್ಪ ಬಂದ್ರೆ ಖುಷಿ ಅಲ್ವಾ ಅಂಕಲ್? ಇದೂ ಒಂದು ಪ್ರಶ್ನೆನಾ?” ಎಂದು ನಕ್ಕಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಪ್ರಶ್ನೆ ಚೆನ್ನಾಗಿದೆ, ಸುಳಿವು ಗಟ್ಟಿಯಾಗಿದೆ ಎಂದು ಮೇಲಿನವರು ಬೆನ್ನು ತಟ್ಟಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಇವಳೇ, ನನಗೆ ನಾಚಿಕೆಯಾಗಿದೆ. ಮಗು ತಪ್ಪು ಓದಲಿಲ್ಲ. ನಾನು ಬಾಗಿಲು ತೆಗೆದಾಗ ಈ ಮನೆಯಲ್ಲಿ ಏನಾಗುತ್ತದೋ ಅದನ್ನೇ ಓದಿದಳು. ರೇಡಿಯೋ ಆರುತ್ತದೆ, ನಿನ್ನ ಹಾಡು ನಿಲ್ಲುತ್ತದೆ, ಅವಳು ಗೊಂಬೆಗಳನ್ನು ಮಂಚದ ಕೆಳಗೆ ತಳ್ಳುತ್ತಾಳೆ. ಇದೆಲ್ಲ ಮರ್ಯಾದೆ ಎಂದುಕೊಂಡಿದ್ದೆನಲ್ಲ! ಊರ ಮಕ್ಕಳಿಗೆಲ್ಲ ಸುಳಿವು ಹುಡುಕಲು ಕಲಿಸುವವನ ಪಾಡು ಇದು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಅಕ್ಕ ನಡೆಯತೊಡಗಿದ ಮೇಲೂ ‘ಇನ್ನೂ ಸ್ವಲ್ಪ ದಿನ ಇರುತ್ತೇನೆ’ ಎಂದು ನೀನು ಬರೆದಾಗ ಯಾಕೆಂದು ನಾನು ಯೋಚಿಸಲೇ ಇಲ್ಲ. ಬೇಗ ಬಾ ಎಂದು ಜೋರು ಮಾಡಿ ಬರೆದೆ. ಅದಕ್ಕೂ ಕ್ಷಮಿಸು.

ಅಕ್ಕ, ಭಾವನಿಗೆ ನಮಸ್ಕಾರ ತಿಳಿಸು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ
‘ಏನೂಂದ್ರೆ’

ಮರೆತಿದ್ದೆ: ಈ ಶುಕ್ರವಾರದಿಂದ ಶಾಲೆಗೆ ರಜೆ. ಶನಿವಾರ ನನ್ನ ತಂಗಿಯ ಜೊತೆ ಚಿನಕುರುಳಿಯನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಯಾವಾಗ ಬರಬೇಕು, ಬರಬೇಕೋ ಬೇಡವೋ, ನೀನೇ ಯೋಚಿಸು. ನಾನಿನ್ನು ಜೋರು ಮಾಡುವುದಿಲ್ಲ. ಅಮ್ಮನ ಹತ್ತಿರ ಹೋಗ್ತೀಯಾ ಎಂದು ಕೇಳಿದರೆ ಅವಳು ತಲೆ ತಗ್ಗಿಸಿ, “ನೀವೂ ಬರ್ತೀರಾ ಅಪ್ಪಾ?” ಎಂದಳು. ಇಲ್ಲ ಕಣಮ್ಮ ಎಂದೆ. ಆಮೇಲೆ ನಕ್ಕಳು.